ಹೊಗೆ ಟರ್ಬೊದ್ದೋ, ಎಂಜಿನ್ನಿನದ್ದೋ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ವಾಹನಗಳ ಆರೈಕೆ

ಟರ್ಬೊ, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಸಾಧನ, ಇರುವ ಹಳೆಯ ಕಾರುಗಳ ಹೊಗೆಯ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವರ ಪ್ರಶ್ನೆಗಳಿಗೂ ಅರ್ಧ ಉತ್ತರ ಅದರಲ್ಲೇ ಇರುವುದರಿಂದ ಮೊದಲು ಅದನ್ನು ಓದಿಕೊಂಡರೆ ಅನುಕೂಲ.

ಪ್ರಶ್ನೆ: ನನ್ನದು ಹದಿನೈದು ವರ್ಷ ಹಳೆಯ ಡೀಸೆಲ್ ಕಾರು, 1,90,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಂದ ಒಂದು ತೊಂದರೆ ಶುರುವಾಗಿದೆ. ಸಿಗ್ನಲ್‌ನಲ್ಲಿ ಎರಡು ಮೂರು ನಿಮಿಷ ನಿಂತು ಹೊರಟ ಕೂಡಲೇ ಹಿಂದೆ ನೀಲಿ ಬೆರೆತ ಬೂದು ಹೊಗೆ ಮುಸುಕುತ್ತದೆ. ಸ್ವಲ್ಪ ದೂರ ಹೋದ ಮೇಲೆ ತಾನೇ ನಿಲ್ಲುತ್ತದೆ. ಎಳೆತ ಕಡಿಮೆಯಾಗಿಲ್ಲ. ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿನಷ್ಟು ಆಯಿಲ್ ಸೇರಿಸುತ್ತಿದ್ದೇನೆ. ಗ್ಯಾರೇಜಿನವರು ಒಮ್ಮೆ ರೇಸ್ ಮಾಡಿ ನೋಡಿ, ಏರ್ ಪೈಪು ಬಿಚ್ಚಿ ಒಳಗಿನ ಜಿಡ್ಡು ತೋರಿಸಿ, ಟರ್ಬೊ ಹೋಗಿದೆ, ಬದಲಿಸಲೇಬೇಕು ಎಂದರು. ನಂಬಬಹುದೇ?

ಉತ್ತರ: ಅವರ ಮಾತು ನಿಜವಿರಲೂಬಹುದು. ಆದರೆ ಆ ತೀರ್ಮಾನಕ್ಕೆ ಅವರು ಬಂದ ದಾರಿ ಸರಿಯಿಲ್ಲ. ನೀಲಿ ಹೊಗೆ ಬಂತೆಂದರೆ ಎಣ್ಣೆ ಸುಡುತ್ತಿದೆ ಎಂದಷ್ಟೇ ಅರ್ಥ. ಆ ಎಣ್ಣೆ ಎಲ್ಲಿಂದ ನುಗ್ಗಿತು ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಪಿಸ್ಟನ್ ರಿಂಗು ಸವೆದಿದ್ದರೂ, ವಾಲ್ವುಗಳ ಬಳಿ ಎಣ್ಣೆ ತಡೆಯುವ ವಾಲ್ವ್ ಸೀಲು ಒಣಗಿ ಬಿರುಕುಬಿಟ್ಟಿದ್ದರೂ, ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಕೋಶದ) ಅನಿಲ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೂ, ಕಡೆಗೆ ಯಾರೋ ಆಯಿಲನ್ನು ಗೆರೆ ಮೀರಿ ತುಂಬಿಸಿದ್ದರೂ ಹೊಗೆ ಇದೇ ಬಣ್ಣದ್ದೇ. ಪೈಪಿನೊಳಗಿನ ಜಿಡ್ಡನ್ನೂ ಸಾಕ್ಷಿಯೆಂದು ಒಪ್ಪಲಾಗದು. ಬ್ರೀದರ್ ಹೋಸು ಸಾಮಾನ್ಯವಾಗಿ ಟರ್ಬೊದ ಬಾಯಿಗಿಂತ ಮುಂಚೆಯೇ ಏರ್ ಪೈಪಿಗೆ ಸೇರಿಕೊಳ್ಳುವುದರಿಂದ ಎಂಜಿನ್ನಿನ ಎಣ್ಣೆಹಬೆ ಸದಾ ಆ ದಾರಿಯಲ್ಲೇ ಹಾಯುತ್ತಿರುತ್ತದೆ, ಮತ್ತು ಗಟ್ಟಿಮುಟ್ಟಾಗಿರುವ ಹಳೆಯ ಎಂಜಿನ್ನಿನಲ್ಲೂ ಬೆರಳಿಗೆ ಅಂಟುವಷ್ಟು ಜಿಡ್ಡು ಅಲ್ಲಿ ಇದ್ದೇ ಇರುತ್ತದೆ. ಪೈಪನ್ನು ಬಗ್ಗಿಸಿದಾಗ ಎಣ್ಣೆ ಧಾರೆಯಾಗಿ ಸುರಿದರೆ ಆಗ ಅದು ಬೇರೆ ಮಾತು.

ಟರ್ಬೊದೊಳಗೆ ಎಣ್ಣೆಯನ್ನು ತಡೆದು ಹಿಡಿಯುವುದು ಯಾವುದು ಎಂಬುದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. ಒಂದೇ ಶಾಫ್ಟಿನ ಒಂದು ತುದಿಯಲ್ಲಿ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸಕ್ಕೆ ತಿರುಗುವ ಟರ್ಬೈನ್ ಚಕ್ರ, ಇನ್ನೊಂದು ತುದಿಯಲ್ಲಿ ಗಾಳಿಯನ್ನು ಎಂಜಿನ್ನಿಗೆ ಒತ್ತುವ ಕಂಪ್ರೆಸರ್ ಚಕ್ರ. ನಡುವಿನ ಬೇರಿಂಗುಗಳು ಎಣ್ಣೆಯ ತೆಳುಪದರದ ಮೇಲೆ ತೇಲುತ್ತಿರುತ್ತವೆ. ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನು ಸಲೀಸಾಗಿ ದಾಟುತ್ತದೆ. ಚಿಕ್ಕ ಕಾರುಗಳ ಟರ್ಬೊಗಳಲ್ಲಿ ಎರಡು ಲಕ್ಷದವರೆಗೂ ಹೋಗುತ್ತದೆ. ಆ ವೇಗಕ್ಕೆ ಯಾವ ರಬ್ಬರ್ ಸೀಲೂ ಬಾಳುವುದಿಲ್ಲ. ಆದ್ದರಿಂದ ಎರಡೂ ತುದಿಗಳಲ್ಲಿ ಇರುವುದು ಪಿಸ್ಟನ್ ರಿಂಗನ್ನೇ ಹೋಲುವ ಸಣ್ಣ ಲೋಹದ ರಿಂಗು, ಅಷ್ಟೇ. ಅದು ಬಾಟಲಿಯ ಬಿರಡೆಯಂತೆ ಬಿಗಿಯಾಗಿ ಮುಚ್ಚುವ ವಸ್ತುವಲ್ಲ. ಒಂದು ಬದಿಯಲ್ಲಿ ಗಾಳಿಯ ಒತ್ತಡ, ಇನ್ನೊಂದು ಬದಿಯಲ್ಲಿ ಹೊಗೆಯ ಒತ್ತಡ ಹೊರಗಿನಿಂದ ಒಳಕ್ಕೆ ತಳ್ಳುತ್ತಿರುವವರೆಗೆ, ಮತ್ತು ಬೇರಿಂಗಿಗೆ ಬಂದ ಎಣ್ಣೆ ಕೆಳಗಿನ ಪೈಪಿನಿಂದ ಸರಾಗವಾಗಿ ಇಳಿದುಹೋಗುತ್ತಿರುವವರೆಗೆ ಎಣ್ಣೆ ರಿಂಗನ್ನು ದಾಟುವುದಿಲ್ಲ. ಈ ಎರಡರಲ್ಲಿ ಒಂದು ಕೆಟ್ಟರೂ ಸಾಕು, ನಿನ್ನೆ ಹಾಕಿಸಿದ ಹೊಸ ಟರ್ಬೊ ಕೂಡ ಎಣ್ಣೆ ಉಗುಳುತ್ತದೆ.

ನಿಮ್ಮ ಕಾರು ನಿಂತು ಹೊರಟಾಗಲೇ ಏಕೆ ಹೊಗೆಯಾಡುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಸಿಗುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಹೊಗೆಯ ಒತ್ತಡವೂ ಕಡಿಮೆ, ಗಾಳಿಯ ಒತ್ತಡವೂ ಕಡಿಮೆ; ಹೊರಗಿನಿಂದ ತಳ್ಳುವ ಬಲವೇ ಇಲ್ಲದಾಗ ಎಣ್ಣೆ ಮೆಲ್ಲಗೆ ರಿಂಗು ದಾಟಿ ಪೈಪಿನಲ್ಲೋ ಸೈಲೆನ್ಸರಿನ ಕಡೆಗೋ ಶೇಖರವಾಗುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಅಷ್ಟೂ ಒಟ್ಟಿಗೆ ಸುಡುತ್ತದೆ. ಆದ್ದರಿಂದ ಟರ್ಬೊದ ಬದಿಯಿಂದ ಎಣ್ಣೆ ಜಾರುತ್ತಿರಬಹುದು ಎಂಬ ಊಹೆಗೆ ಆಧಾರವಿದೆ. ಆದರೆ ನಿಂತಿದ್ದಾಗ ಎಣ್ಣೆ ತೊಟ್ಟಿಕ್ಕಿಸುವ ವಾಲ್ವ್ ಸೀಲೂ ಹೀಗೇ ವರ್ತಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. ಹೋಲಿಸಿ ನೋಡುವುದಾದರೆ, ಪಿಸ್ಟನ್ ರಿಂಗು ಸವೆದ ಎಂಜಿನ್ನು ಏರು ಹತ್ತುವಾಗ, ಭಾರ ಎಳೆಯುವಾಗ ಎಡೆಬಿಡದೆ ಹೊಗೆಯಾಡುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಕ್ಷಣ ಒಂದು ಉಂಡೆ ಹೊಗೆ ಬಂದು ಮಾಯವಾದರೆ ಹೆಚ್ಚಾಗಿ ವಾಲ್ವ್ ಸೀಲಿನ ಕಡೆ ಬೊಟ್ಟು ಮಾಡಬಹುದು.

ಇನ್ನು ಪರೀಕ್ಷೆಗೆ ಬರೋಣ. ಮೊದಲು ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ. ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ನೋಡಿ. ಆಯಿಲ್ ಮೇಲಿನ ಗೆರೆಗಿಂತ ಮೇಲಿದ್ದರೆ ಟರ್ಬೊದಿಂದ ಇಳಿಯುವ ಎಣ್ಣೆಗೆ ಸಂಪಿನಲ್ಲಿ (ಎಂಜಿನ್ನಿನ ತಳದ ಎಣ್ಣೆತೊಟ್ಟಿಯಲ್ಲಿ) ಜಾಗವಿಲ್ಲದಂತಾಗಿರಬಹುದು. ಹೆಚ್ಚಾದದ್ದನ್ನು ತೆಗೆದು ಎರಡು ದಿನ ಓಡಿಸಿ. ಇಷ್ಟರಲ್ಲೇ ಹೊಗೆ ನಿಂತ ಕಾರುಗಳನ್ನು ನಾನು ಕಂಡಿದ್ದೇನೆ. ಅವುಗಳ ಮಾಲೀಕರ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಿತ್ತು, ತುಂಬಿಸಿದವರು ಅವರೇ ಆಗಿದ್ದರಿಂದ.

ಎರಡನೆಯದು ಏರ್ ಫಿಲ್ಟರ್. ಫಿಲ್ಟರು ಧೂಳಿನಿಂದ ಕಟ್ಟಿಕೊಂಡಿದ್ದರೆ ಕಂಪ್ರೆಸರ್ ಚಕ್ರ ಗಾಳಿಗಾಗಿ ಹೀರುತ್ತದೆ. ಗಾಳಿ ಸಾಲದಿದ್ದರೆ ಆ ಹೀರುವಿಕೆ ರಿಂಗಿನ ಆಚೆಗಿನ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಫಿಲ್ಟರಿನಿಂದ ಟರ್ಬೊವರೆಗಿನ ರಬ್ಬರ್ ಹೋಸು ಹಳೆಯದಾಗಿ ಮೆತ್ತಗಾಗಿದ್ದರೆ ಒಳಕ್ಕೆ ಕುಗ್ಗಿ ದಾರಿ ಕಟ್ಟುವುದೂ ಉಂಟು. ಯಾರಾದರೂ ರೇಸ್ ಕೊಡುವಾಗ ಹೋಸಿನ ಮೇಲೆ ಕಣ್ಣಿಟ್ಟರೆ ಅದು ಚಪ್ಪಟೆಯಾಗುವುದು ಕಾಣುತ್ತದೆ.

ಮೂರನೆಯದು ಬ್ರೀದರ್, ಹಳೆಯ ಕಾರುಗಳಲ್ಲಿ ಎಲ್ಲರೂ ಮರೆಯುವಂಥದ್ದು. ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುವ ಅನಿಲ ಕ್ರ್ಯಾಂಕ್‌ಕೇಸಿನಿಂದ ಹೊರಬರಲು ಇರುವ ದಾರಿಯೇ ಇದು. ವರ್ಷಗಳ ಕಪ್ಪು ಮಡ್ಡಿ ಸೇರಿ ದಾರಿ ಕಿರಿದಾದರೆ ಒಳಗೆ ಒತ್ತಡ ಏರುತ್ತದೆ. ಟರ್ಬೊದಿಂದ ಎಣ್ಣೆ ಇಳಿಯುವುದು ಬರೀ ತನ್ನ ಭಾರದಿಂದ. ಪಂಪಿನ ಒತ್ತಡವಿರುವುದು ಮೇಲಿನಿಂದ ಬರುವ ಎಣ್ಣೆಗೆ ಮಾತ್ರ, ಇಳಿಯುವ ಎಣ್ಣೆಗಲ್ಲ. ಕೆಳಗಿನಿಂದ ಅನಿಲ ಎದುರೊತ್ತಿದರೆ ಅದು ನಡುವಿನ ಕೋಣೆಯಲ್ಲೇ ತುಂಬಿ, ಬೇರೆ ದಾರಿ ಕಾಣದೆ ಎರಡು ಬದಿಯ ರಿಂಗುಗಳನ್ನು ದಾಟುತ್ತದೆ. ಇದನ್ನು ಪರೀಕ್ಷಿಸಲು ಒಂದು ತೆಳ್ಳನೆಯ ರಬ್ಬರ್ ಕೈಗವಸು ಸಾಕು. ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಆ ಬಾಯಿಗೆ ಕೈಗವಸನ್ನು ಬಿಗಿಯಾಗಿ ಹಿಡಿಯಿರಿ. ಅದು ಒಳಕ್ಕೆ ಸ್ವಲ್ಪ ಸೆಳೆದುಕೊಂಡರೆ ಅಥವಾ ಸುಮ್ಮನೆ ಕಂಪಿಸುತ್ತಿದ್ದರೆ ಚಿಂತೆಯಿಲ್ಲ. ಐದೂ ಬೆರಳು ನೆಟ್ಟಗೆ ನಿಲ್ಲುವಂತೆ ಬೇಗಬೇಗ ಉಬ್ಬಿದರೆ ಬ್ರೀದರ್ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗುಗಳಿಂದ ಅನಿಲ ವಿಪರೀತ ಸೋರುತ್ತಿದೆ. ಬ್ರೀದರ್ ಹೋಸನ್ನು ಕಳಚಿ ಮತ್ತೆ ಅದೇ ಪರೀಕ್ಷೆ ಮಾಡಿದರೆ ಈ ಎರಡರಲ್ಲಿ ಯಾವುದೆಂಬುದೂ ತಿಳಿಯುತ್ತದೆ: ಹೋಸು ಕಳಚಿದ ಮೇಲೆ ಉಬ್ಬುವುದು ನಿಂತರೆ ಹೋಸು ಅಥವಾ ಅದರ ಮುಂದಿನ ದಾರಿಯಲ್ಲಿ ತಡೆ, ಕಳಚಿದ ಬಾಯಿಯಿಂದಲೇ ಹಬೆಯೆಂಜಿನ್ನಿನಂತೆ ಬುಸುಗುಟ್ಟುತ್ತಿದ್ದರೆ ಎಂಜಿನ್ನಿನದ್ದೇ ತೊಂದರೆ, ಆಗ ಸಿಲಿಂಡರುಗಳು ಒತ್ತಡ ಹಿಡಿಯುತ್ತವೆಯೇ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಗೆ ಹೋಗಬೇಕು.

ನಾಲ್ಕನೆಯದು ಟರ್ಬೊದ ಕೆಳಗಿನ ಇಳಿಪೈಪು. ಬಿಚ್ಚಿ, ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಗೆ ನೋಡಬೇಕು. ಒಳಗೋಡೆಯಲ್ಲಿ ಇದ್ದಿಲಿನಂತೆ ಗಟ್ಟಿಯಾದ ಎಣ್ಣೆ ಕಂಡರೆ, ಪೈಪು ಎಲ್ಲಾದರೂ ಜಜ್ಜಿದ್ದರೆ, ಮಡಿಸಿಕೊಂಡಿದ್ದರೆ ನಿಮ್ಮ ಹುಡುಕಾಟ ಬಹುಶಃ ಅಲ್ಲಿಗೇ ಮುಗಿಯಿತು. ಈ ಪೈಪು ಆದಷ್ಟು ನೆಟ್ಟಗೆ ಇಳಿಯಬೇಕು. ಲಂಬದಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದೆಂಬುದು ಟರ್ಬೊ ಕೂರಿಸುವವರು ಪಾಲಿಸುವ ಲೆಕ್ಕ. ಸಂಪಿಗೆ ಸೇರುವ ಬಾಯಿಯೂ ಎಣ್ಣೆಯ ಮಟ್ಟಕ್ಕಿಂತ ಮೇಲಿರಬೇಕು.

ಈ ನಾಲ್ಕೂ ಸರಿಯಿದ್ದರೆ ಆಗ ಟರ್ಬೊದ ವಿಚಾರಣೆ. ಇಲ್ಲಿ ಜಗಳಕ್ಕೆ ಆಸ್ಪದವಿಲ್ಲದ ಒಂದು ಪರೀಕ್ಷೆಯಿದೆ, ಸ್ವಲ್ಪ ಶ್ರಮ ಬೇಡುತ್ತದೆ ಎಂಬ ಕಾರಣಕ್ಕೇ ಹೆಚ್ಚಿನವರು ಮಾಡುವುದಿಲ್ಲ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೊವನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ, ಅಂದರೆ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ತರುವ ಕವಲುಪೈಪಿನಿಂದ, ಕಳಚಿ, ಮ್ಯಾನಿಫೋಲ್ಡಿನ ಬಾಯಿಯನ್ನೂ ಟರ್ಬೈನಿನ ಹೊರಬಾಯಿಯನ್ನೂ ಟಾರ್ಚ್ ಹಿಡಿದು ಹೋಲಿಸಿ ನೋಡಬೇಕು. ಮ್ಯಾನಿಫೋಲ್ಡಿನಲ್ಲಿ ಒಣಗಿದ ಮಸಿ ಮಾತ್ರ ಇದ್ದು, ಟರ್ಬೈನಿನ ಆಚೆ ಬದಿ ಕಪ್ಪು ಎಣ್ಣೆಯಿಂದ ಒದ್ದೆಯಾಗಿದ್ದರೆ ಸೋರಿಕೆ ಟರ್ಬೊದಲ್ಲಿಯೇ. ಮ್ಯಾನಿಫೋಲ್ಡೇ ಒದ್ದೆಯಾಗಿದ್ದರೆ ಎಣ್ಣೆ ಸಿಲಿಂಡರಿನಿಂದ ಬರುತ್ತಿದೆ. ಯಾವ ಸಿಲಿಂಡರಿನ ದಾರಿ ಹೆಚ್ಚು ಒದ್ದೆ ಎಂಬುದೂ ಒಮ್ಮೊಮ್ಮೆ ಅಲ್ಲೇ ಕಾಣುತ್ತದೆ. ಆದರೆ ಆ ಎಣ್ಣೆ ಕಂಪ್ರೆಸರ್ ಬದಿಯಿಂದ ಗಾಳಿಯ ಜೊತೆ ಸಿಲಿಂಡರಿಗೆ ಹೋದದ್ದೂ ಆಗಿರಬಹುದಾದ್ದರಿಂದ, ಅದೇ ಹೊತ್ತಿಗೆ ಇಂಟರ್‌ಕೂಲರಿನ (ಟರ್ಬೊ ಒತ್ತಿದ ಗಾಳಿಯನ್ನು ತಂಪಾಗಿಸುವ ಭಾಗದ) ಕೆಳಗಿನ ಹೋಸು ಕಳಚಿ ಒಂದು ಪಾತ್ರೆ ಹಿಡಿಯಿರಿ. ನಾಲ್ಕು ಹನಿ ಬಿದ್ದರೆ ಅದು ಬ್ರೀದರಿನ ಜಿಡ್ಡು. ಲೋಟದಷ್ಟು ಸುರಿದರೆ ಕಂಪ್ರೆಸರ್ ಬದಿಯ ಮೇಲೆ ಅನುಮಾನ ಗಟ್ಟಿಯಾಯಿತು.

ಸುರಿದ ಎಣ್ಣೆಯನ್ನು ಅಳೆದು ಬರೆದಿಟ್ಟುಕೊಳ್ಳಿ. ರಿಪೇರಿಯಾದ ಒಂದು ತಿಂಗಳ ಮೇಲೆ ಮತ್ತೆ ಅದೇ ಹೋಸು ಕಳಚಿ ನೋಡಿದಾಗ ಈ ಅಳತೆ ಕೆಲಸಕ್ಕೆ ಬರುತ್ತದೆ. ನಿಮ್ಮ ಕಾರಿನ ಎಳೆತ ಕಡಿಮೆಯಾಗಿಲ್ಲ ಎಂದಿದ್ದೀರಿ. ಬೇರಿಂಗು ಹೋದ ಟರ್ಬೊದ ಚಕ್ರ ಕವಚಕ್ಕೆ ಉಜ್ಜಿ ಸದ್ದು ಮಾಡುತ್ತದೆ, ಎಳೆತವೂ ಇಳಿಯುತ್ತದೆ. ಎಳೆತ ಇಳಿದಿಲ್ಲ, ಸದ್ದಿನ ಮಾತನ್ನೂ ನೀವು ಬರೆದಿಲ್ಲವಾದ್ದರಿಂದ ನನಗೆ ನಿಮ್ಮ ಬ್ರೀದರ್ ಮತ್ತು ಇಳಿಪೈಪುಗಳ ಮೇಲೆಯೇ ಅನುಮಾನ ಹೆಚ್ಚು.

ಪ್ರಶ್ನೆ: ಎರಡು ತಿಂಗಳ ಹಿಂದೆ ಹೊಗೆಯ ಕಾರಣಕ್ಕೇ ಟರ್ಬೊ ಬದಲಿಸಿದೆ. ಈಗ ಮತ್ತೆ ಅದೇ ಹೊಗೆ. ಮಾರಿದವರು ಕೂರಿಸಿದ್ದು ಸರಿಯಿಲ್ಲ ಎನ್ನುತ್ತಾರೆ, ಕೂರಿಸಿದವರು ಮಾಲೇ ಕಳಪೆ ಎನ್ನುತ್ತಾರೆ. ಯಾರನ್ನು ಕೇಳಲಿ?

ಉತ್ತರ: ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಬದಲಿಸಿದ ಮೊದಲ ದಿನವೇ ಹೊಗೆ ಇತ್ತೇ, ಅಥವಾ ಕೆಲವು ವಾರ ಚೆನ್ನಾಗಿದ್ದು ಆಮೇಲೆ ಶುರುವಾಯಿತೇ? ಇವೆರಡೂ ಬೇರೆ ಬೇರೆ ರೋಗಗಳು.

ಮೊದಲ ದಿನದಿಂದಲೇ ಇದ್ದು ದಿನೇದಿನೇ ಕಡಿಮೆಯಾಗುತ್ತ ಬಂದಿದ್ದರೆ ಅದು ಹಳೆಯ ಟರ್ಬೊ ಸೈಲೆನ್ಸರಿನಲ್ಲಿ ಬಿಟ್ಟುಹೋದ ಎಣ್ಣೆ. ಅದು ಪೂರ್ತಿ ಸುಟ್ಟುಹೋಗಲು ಕೆಲವು ದಿನಗಳ ಓಡಾಟ ಬೇಕು. ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ ದೂರದ ಪ್ರಯಾಣವೊಂದನ್ನು ಮಾಡಿದರೆ ಬೇಗ ಮುಗಿಯುತ್ತದೆ. ಇಂಟರ್‌ಕೂಲರನ್ನು ತೊಳೆಯದೆ ಬಿಟ್ಟಿದ್ದರೂ ಹೀಗೇ. ಮೊದಲ ದಿನದಿಂದಲೂ ಇದ್ದು ಕಡಿಮೆಯಾಗದಿದ್ದರೆ, ಹಳೆಯ ಟರ್ಬೊವನ್ನು ಕೆಡಿಸಿದ, ಅಥವಾ ಕೆಡದಿದ್ದ ಅದರ ಮೇಲೆ ಅಪವಾದ ತಂದ ಕಾರಣ ಇನ್ನೂ ಕಾರಿನಲ್ಲೇ ಇದೆ ಎಂದು ತಿಳಿಯಿರಿ. ಮೇಲಿನ ಉತ್ತರದಲ್ಲಿ ಹೇಳಿದ ನಾಲ್ಕೂ ಪರೀಕ್ಷೆಗಳಿಗೆ ಮರಳಿ ಹೋಗಬೇಕು.

ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಸಂಗ ನನ್ನದೇ ಹಳೆಯ ಡೀಸೆಲ್ ಕಾರಿನದು. ಒಂದು ಗ್ಯಾರೇಜಿನಲ್ಲಿ ಟರ್ಬೊ ಬದಲಾಯಿತು, ಹೊಗೆ ನಿಲ್ಲಲಿಲ್ಲ. ಮಾಲು ಸರಿಯಿಲ್ಲವೆಂದು ವಾಪಸು ಕೊಟ್ಟು ಇನ್ನೊಂದು ಹಾಕಿದರು, ಆಗಲೂ ನಿಲ್ಲಲಿಲ್ಲ. ಮೂರನೆಯ ಸಲ ನಾನೇ ಕಾರಿನ ಕೆಳಗೆ ಮಲಗಿ ಇಳಿಪೈಪಿನ ಎರಡು ಬೋಲ್ಟು ಬಿಚ್ಚಿದೆ. ಪೈಪಿನ ಬಾಯಿಗೆ ತಯಾರಕರು ಕೊಡುವ ಲೋಹದ ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ಯಾರೋ ಧಾರಾಳವಾಗಿ ಸಿಲಿಕೋನ್ ಗೋಂದು ಬಳಿದಿದ್ದರು. ಬೋಲ್ಟು ಬಿಗಿದಾಗ ಹೆಚ್ಚಾದ ಗೋಂದು ಒಳಕ್ಕೆ ಒತ್ತಿಕೊಂಡು, ಎರೆಹುಳುವಿನಂಥ ಕೆಂಪು ಎಳೆಯಾಗಿ ಗಟ್ಟಿಯಾಗಿ, ಬಾಯಿಯ ಅರ್ಧಕ್ಕೂ ಹೆಚ್ಚು ಭಾಗವನ್ನು ಮುಚ್ಚಿತ್ತು. ಇಕ್ಕಳದಿಂದ ಹಿಡಿದು ಎಳೆದಾಗ ಇಡಿಯಾಗಿ ಈಚೆ ಬಂತು. ಗ್ಯಾಸ್ಕೆಟ್ ಹಾಕಿ ಬಿಗಿದ ಮೇಲೆ, ಸೈಲೆನ್ಸರಿನ ಹಳೆಯ ಎಣ್ಣೆ ಸುಟ್ಟುಹೋಗುವಷ್ಟು ದಿನ ಹೊಗೆ ಬಂದು, ಮತ್ತೆ ಬರಲಿಲ್ಲ. ಮೊದಲು ಬಿಚ್ಚಿ ಎಸೆದ ಟರ್ಬೊ ಏನೂ ತಪ್ಪು ಮಾಡಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಟರ್ಬೊದ ಎಣ್ಣೆದಾರಿಗಳ ಹತ್ತಿರಕ್ಕೂ ಆ ಗೋಂದಿನ ಟ್ಯೂಬು ತರಬೇಡಿ ಎಂದು ನಿಮ್ಮ ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ.

ಕೆಲವು ವಾರ ಚೆನ್ನಾಗಿದ್ದು ಆಮೇಲೆ ಹೊಗೆ ಬಂದಿದ್ದರೆ ಹೊಸ ಟರ್ಬೊದ ಬೇರಿಂಗು ನಿಜವಾಗಿಯೇ ಸವೆದಿರಬಹುದು, ಮತ್ತು ಅದಕ್ಕೆ ಕಾರಣ ಬಿಚ್ಚಿದ ಭಾಗಗಳ ಮೇಲೆಯೇ ಬರೆದಿರುತ್ತದೆ. ಶಾಫ್ಟಿನ ಬೇರಿಂಗ್ ಕೂರುವ ಭಾಗ ಕಾದ ಕಬ್ಬಿಣದಂತೆ ನೀಲಿ ತಿರುಗಿದ್ದರೆ ಎಣ್ಣೆ ಸಾಲದೆ ಕಾದಿದೆ. ಸುತ್ತಲೂ ಗೆರೆ ಗೀರಿದಂತಿದ್ದರೆ ಎಣ್ಣೆಯಲ್ಲಿ ಕಸವಿತ್ತು. ಚಕ್ರದ ರೆಕ್ಕೆಗಳ ಅಂಚು ಮುರಿದಿದ್ದರೆ ಗಾಳಿಯ ಜೊತೆಗೋ ಹೊಗೆಯ ಜೊತೆಗೋ ಗಟ್ಟಿ ಪದಾರ್ಥ ಒಳಹೊಕ್ಕಿದೆ. ಹಳೆಯ ಟರ್ಬೊ ಚೂರಾದಾಗ ಇಂಟರ್‌ಕೂಲರಿನಲ್ಲಿ ಉಳಿದ ಲೋಹದ ಚೂರು ಮುಂದೆ ಹರಿದು ಎಂಜಿನ್ನನ್ನೇ ಸೇರುವುದುಂಟು, ಆದ್ದರಿಂದ ಅದನ್ನು ತೊಳೆಯದೆ ಬಿಡುವುದು ಅಪಾಯ. ಎಣ್ಣೆ ಸಾಲದಿರುವುದಕ್ಕೆ ಹಳೆಯ ಕಾರುಗಳಲ್ಲಿ ಸಾಮಾನ್ಯ ಕಾರಣ ಮೇಲಿನಿಂದ ಎಣ್ಣೆ ತರುವ ಸಣ್ಣ ಪೈಪು. ಎಕ್ಸಾಸ್ಟಿನ ಕಾವಿಗೆ ಪಕ್ಕದಲ್ಲೇ ಇರುವ ಅದರೊಳಗೆ ಎಣ್ಣೆ ಸುಟ್ಟು ಕಟ್ಟಿಕೊಳ್ಳುತ್ತದೆ. ಕೆಲವು ಎಂಜಿನ್ನುಗಳಲ್ಲಿ ಅದರ ಟೊಳ್ಳು ಬೋಲ್ಟಿನೊಳಗೆ ಪುಟ್ಟ ಜಾಲರಿಯೊಂದು ಇದ್ದು ಅದೂ ಮುಚ್ಚಿಹೋಗಿರುತ್ತದೆ. ಈ ಪೈಪನ್ನು ತೊಳೆದು ಮತ್ತೆ ಹಾಕುವುದು ಉಳಿತಾಯವಲ್ಲ. ಟರ್ಬೊ ಬದಲಿಸಿದಾಗ ಅದನ್ನೂ ಬದಲಿಸಬೇಕು, ಹೊಸ ಆಯಿಲ್ ಮತ್ತು ಹೊಸ ಆಯಿಲ್ ಫಿಲ್ಟರ್ ಹಾಕಬೇಕು. ಸ್ಟಾರ್ಟ್ ಮಾಡುವ ಮುನ್ನ ಟರ್ಬೊದ ಎಣ್ಣೆಬಾಯಿಗೆ ಶುದ್ಧ ಆಯಿಲ್ ಹೊಯ್ದು ಚಕ್ರವನ್ನು ಕೈಯಿಂದ ತಿರುಗಿಸಬೇಕು, ಇಂಧನ ಕತ್ತರಿಸಿ ಎಂಜಿನ್ನನ್ನು ಸ್ವಲ್ಪ ಹೊತ್ತು ಕ್ರ್ಯಾಂಕ್ ಮಾಡಿ ಎಣ್ಣೆಯ ಒತ್ತಡ ಬರುವಂತೆ ಮಾಡಬೇಕು, ಆಮೇಲೆ ಕೆಲವು ನಿಮಿಷ ರೇಸ್ ಕೊಡದೆ ಐಡ್ಲಿಂಗಿನಲ್ಲಿ ಬಿಡಬೇಕು. ಒಣ ಬೇರಿಂಗಿನ ಮೇಲೆ ಮೊದಲ ಕೆಲವು ಸೆಕೆಂಡು ತಿರುಗಿದ ಟರ್ಬೊ ಆಗಲೇ ಅರ್ಧ ಆಯುಸ್ಸು ಕಳೆದುಕೊಂಡಿರುತ್ತದೆ. ನಿಮ್ಮವರು ಇಷ್ಟನ್ನೂ ಮಾಡಿದ್ದರೇ ಎಂದು ಕೇಳಿ. ಉತ್ತರ ಕೊಡುವಾಗ ಅವರು ತಡವರಿಸಿದರೆ ಯಾರನ್ನು ಕೇಳಬೇಕೆಂಬ ನಿಮ್ಮ ಪ್ರಶ್ನೆಗೂ ಉತ್ತರ ಸಿಕ್ಕಂತೆ.

ಪ್ರಶ್ನೆ: ಟರ್ಬೊದ ಬಾಯಿಗೆ ಕೈಹಾಕಿ ಚಕ್ರವನ್ನು ಅಲ್ಲಾಡಿಸಿದರೆ ಅಲುಗುತ್ತದೆ. ಇದರರ್ಥ ಬೇರಿಂಗು ಹೋಗಿದೆ ಎಂದೇ?

ಉತ್ತರ: ಪಕ್ಕಕ್ಕೆ ಸ್ವಲ್ಪ ಅಲುಗುವುದು ಸಹಜ. ಎಂಜಿನ್ ನಿಂತಾಗ ಬೇರಿಂಗಿನಲ್ಲಿ ಎಣ್ಣೆಯ ಪದರ ಇರುವುದಿಲ್ಲ, ಆ ಪದರಕ್ಕೆಂದು ಬಿಟ್ಟ ಸಂದು ಕೈಗೆ ಆಟವಾಗಿ ತಿಳಿಯುತ್ತದೆ. ನೋಡಬೇಕಾದದ್ದು ಎರಡು. ಪಕ್ಕಕ್ಕೆ ಒತ್ತಿ ಹಿಡಿದು ಬೆರಳಿನಿಂದ ತಿರುಗಿಸಿದಾಗ ರೆಕ್ಕೆ ಕವಚಕ್ಕೆ ತಾಗಬಾರದು, ಕವಚದ ಒಳಗೋಡೆಯಲ್ಲಿ ಉಜ್ಜಿದ ಹೊಳಪು ಗುರುತು ಇರಬಾರದು. ಎರಡನೆಯದಾಗಿ, ಶಾಫ್ಟನ್ನು ಹಿಂದಕ್ಕೆ ಮುಂದಕ್ಕೆ ಎಳೆದು ತಳ್ಳಿದಾಗ ಆಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರಬೇಕು; ಸಾಮಾನ್ಯವಾಗಿ ಅದು 0.1 ಮಿಲಿಮೀಟರಿನ ಒಳಗೇ ಇರುತ್ತದೆ, ಅಂದರೆ ಬೆರಳಿಗೆ ಟಕ್ ಎಂದು ತಿಳಿಯಿತೆಂದರೆ ಅದೇ ಹೆಚ್ಚಾಯಿತು. ಇದೆಲ್ಲ ಎಂಜಿನ್ ಆರಿ ತಣ್ಣಗಾಗಿರುವಾಗ ಮಾತ್ರ. ಏರ್ ಪೈಪು ಕಳಚಿಟ್ಟು ಎಂಜಿನ್ ಚಾಲೂ ಮಾಡಬೇಡಿ. ಆ ಚಕ್ರ ಬೆರಳನ್ನು ಕತ್ತರಿಸುತ್ತದೆ, ಬಟ್ಟೆಯ ಚೂರನ್ನು ಕಂಡರೂ ಎಳೆದುಕೊಳ್ಳುತ್ತದೆ.

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಬರುವುದು ನೀಲಿಯಲ್ಲ, ಬಿಳಿ ಹೊಗೆ. ಒಬ್ಬರು ಹೆಡ್ ಗ್ಯಾಸ್ಕೆಟ್ ಎನ್ನುತ್ತಾರೆ, ಇನ್ನೊಬ್ಬರು ಟರ್ಬೊ ಎನ್ನುತ್ತಾರೆ.

ಉತ್ತರ: ಚಳಿಯ ಬೆಳಿಗ್ಗೆ ಕೆಲವು ನಿಮಿಷ ಬಂದು ಗಾಳಿಯಲ್ಲಿ ಕರಗಿಹೋಗುವ ಬಿಳಿ ಹೊಗೆ ಬರೀ ನೀರಿನ ಹಬೆ, ಅದನ್ನು ಮರೆತುಬಿಡಿ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ ಎರಡು ಸಾಧ್ಯತೆಗಳಿವೆ, ಮತ್ತು ನಿಮಗೆ ಸಲಹೆ ಕೊಟ್ಟ ಇಬ್ಬರೂ ಒಂದೊಂದನ್ನು ಹಿಡಿದಿದ್ದಾರೆ. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ತಲೆಭಾಗಕ್ಕೂ ಸಿಲಿಂಡರುಗಳಿಗೂ ನಡುವೆ ಕೂರುವ ಪಟ್ಟಿ; ಅದು ಹೋದರೆ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಸುವ ದ್ರವ, ಸಿಲಿಂಡರಿಗೆ ಸೋರಬಹುದು.

ಟರ್ಬೊದಿಂದ ಸೋರಿದ ಎಣ್ಣೆಯೂ ಬಿಳಿಯಾಗಿ ಕಾಣಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಸಿಲಿಂಡರಿನೊಳಗೆ ಸುಟ್ಟ ಎಣ್ಣೆ ನೀಲಿ ಹೊಗೆಯಾಗುತ್ತದೆ. ಟರ್ಬೈನಿನ ಆಚೆ ಬಿಸಿ ಪೈಪಿಗೆ ಬಿದ್ದ ಎಣ್ಣೆ ಸರಿಯಾಗಿ ಸುಡದೆ, ಕಾದ ಬಾಣಲೆಗೆ ಬಿದ್ದ ಹನಿಯಂತೆ ಆವಿಯಾಗಿ, ದಟ್ಟ ಬೂದುಬಿಳಿ ಮೋಡವಾಗಿ ಹೊರಬರುತ್ತದೆ. ಆದ್ದರಿಂದ ಬಣ್ಣಕ್ಕಿಂತ ಮೂಗನ್ನು, ಮೂಗಿಗಿಂತ ಕಾಗದವನ್ನು ನಂಬಿ. ಬಿಳಿ ರಟ್ಟಿನ ತುಂಡೊಂದನ್ನು ಸೈಲೆನ್ಸರಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ಅರ್ಧ ನಿಮಿಷ ಹಿಡಿದು, ಆಮೇಲೆ ನೆರಳಿನಲ್ಲಿ ಒಣಗಲು ಬಿಡಿ. ನೀರಿನ ಕಲೆ ಒಣಗಿ ಮಾಯವಾಗುತ್ತದೆ, ಎಣ್ಣೆಯ ಚುಕ್ಕೆ ಉಳಿದು ಬೆಳಕಿಗೆ ಹಿಡಿದಾಗ ಅರೆಪಾರದರ್ಶಕವಾಗಿ ಕಾಣುತ್ತದೆ. ಕೂಲೆಂಟ್ ಸುಡುತ್ತಿದ್ದರೆ ಹೊಗೆಗೆ ಸಿಹಿಯಾದ ವಾಸನೆಯಿರುತ್ತದೆ, ಡಬ್ಬಿಯಲ್ಲಿ ಕೂಲೆಂಟ್ ಮಟ್ಟ ವಾರದಿಂದ ವಾರಕ್ಕೆ ಇಳಿಯುತ್ತದೆ. ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಎಂದವರ ಕಡೆಗೆ ವಾಲಬೇಕು. ನೀರು ಹರಿಯುವ ಟರ್ಬೊಗಳಲ್ಲಿ ನಡುವಿನ ಕವಚ ಬಿರುಕುಬಿಟ್ಟು ಕೂಲೆಂಟ್ ಸೋರುವುದೂ ಸಾಧ್ಯ, ಆದರೆ ಅಪರೂಪ. ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮುಗಿಸಿದ ಮೇಲಷ್ಟೇ ಅತ್ತ ನೋಡಿ.

ಪೆಟ್ರೋಲ್ ಕಾರಿನವರಿಗೆ ಇನ್ನೊಂದು ಸೂಚನೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆಯ ಉಂಡೆ ಬಂದರೆ ಟರ್ಬೊಕ್ಕಿಂತ ಮೊದಲು ವಾಲ್ವ್ ಸೀಲು ಮತ್ತು ವಾಲ್ವಿನ ಕಾಂಡ ಜಾರುವ ಗೈಡುಗಳನ್ನು ನೋಡಿ. ಥ್ರಾಟಲ್ (ಗಾಳಿಯ ದಾರಿಯಲ್ಲಿರುವ ಬಾಗಿಲು) ಮುಚ್ಚಿದಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕವಲುಪೈಪಿನಲ್ಲಿ) ಹೀರುವಿಕೆ ಬಲವಾಗಿ, ಸಡಿಲವಾದ ಸೀಲಿನ ಮೂಲಕ ಎಣ್ಣೆ ಸಿಲಿಂಡರಿಗೆ ಇಳಿಯುತ್ತದೆ. ಥ್ರಾಟಲ್ ಇಲ್ಲದ ಹಳೆಯ ಡೀಸೆಲ್ ಎಂಜಿನ್ನುಗಳಲ್ಲಿ ಈ ಲಕ್ಷಣ ಅಷ್ಟು ಸ್ಪಷ್ಟವಾಗಿರುವುದಿಲ್ಲ.

ಪ್ರಶ್ನೆ: ಡೀಸೆಲ್ ಕಾರು ಕಪ್ಪು ಹೊಗೆ ಉಗುಳುತ್ತದೆ, ಎಳೆತವಿಲ್ಲ, ರೇಸ್ ಕೊಟ್ಟಾಗ ಬುಸ್ ಎಂಬ ಸದ್ದು ಬರುತ್ತದೆ. ಆಯಿಲ್ ಮಾತ್ರ ಕಡಿಮೆಯಾಗುತ್ತಿಲ್ಲ.

ಉತ್ತರ: ಆಯಿಲ್ ಕಡಿಮೆಯಾಗುತ್ತಿಲ್ಲ ಎಂಬ ಮಾತಿನಲ್ಲೇ ಅರ್ಧ ಉತ್ತರವಿದೆ. ಕಪ್ಪು ಹೊಗೆ ಎಂದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಟರ್ಬೊದಿಂದ ಎಂಜಿನ್ನಿನವರೆಗಿನ ಯಾವುದೋ ಹೋಸು ಬಿರಿದಿದೆ ಅಥವಾ ಕ್ಲಿಪ್ಪಿನಿಂದ ಜಾರಿದೆ. ಒತ್ತಡದ ಗಾಳಿ ಹೊರಗೆ ಹೋಗುವ ಸದ್ದೇ ನೀವು ಕೇಳುತ್ತಿರುವುದು. ಹೋಸುಗಳ ಕೆಳಬದಿಯನ್ನು ಕೈಯಿಂದ ಸವರಿ ನೋಡಿ, ಬಿರುಕಿದ್ದ ಕಡೆ ಎಣ್ಣೆ ಕಲೆಸಿದ ಧೂಳು ಕಪ್ಪಗೆ ಅಂಟಿಕೊಂಡಿರುತ್ತದೆ. ಸೋಪಿನ ನೀರು ಬಳಿದು ಎಲ್ಲಿ ಗುಳ್ಳೆ ಏಳುತ್ತದೆ ಎಂದು ನೋಡುವ ಪರೀಕ್ಷೆಯೂ ನಡೆಯುತ್ತದೆ.

ಪ್ರಶ್ನೆ: ಟರ್ಬೊ ಎಣ್ಣೆ ಸೋರುವ ಡೀಸೆಲ್ ಕಾರು ಕೀ ತೆಗೆದರೂ ನಿಲ್ಲದೆ ತಾನೇ ಓಡುತ್ತದೆ ಎಂದು ಕೇಳಿದ್ದೇನೆ. ಇದು ನಿಜವೇ? ಹಾಗಾದರೆ ಏನು ಮಾಡಬೇಕು?

ಉತ್ತರ: ನಿಜ. ಕೀ ತಿರುಗಿಸಿದಾಗ ನಿಲ್ಲುವುದು ಡೀಸೆಲಿನ ಪೂರೈಕೆ ಮಾತ್ರ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲವಾದ್ದರಿಂದ, ಕಂಪ್ರೆಸರ್ ಬದಿಯಿಂದ ಸಾಕಷ್ಟು ಎಂಜಿನ್ ಆಯಿಲ್ ಗಾಳಿಯ ಜೊತೆ ಬರುತ್ತಿದ್ದರೆ ಎಂಜಿನ್ನು ಅದನ್ನೇ ಇಂಧನವಾಗಿ ಸುಡುತ್ತದೆ. ವೇಗ ಹೆಚ್ಚಿದಷ್ಟೂ ಟರ್ಬೊ ಹೆಚ್ಚು ಎಣ್ಣೆ ಕೊಡುತ್ತದೆ, ಎಣ್ಣೆ ಹೆಚ್ಚಿದಷ್ಟೂ ವೇಗ ಏರುತ್ತದೆ. ಹಿಂದೆ ಏನೂ ಕಾಣದಷ್ಟು ಹೊಗೆ ತುಂಬುತ್ತದೆ, ಎಂಜಿನ್ನು ಕೆಂಪು ಗೆರೆ ದಾಟಿ ಕಿರುಚುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಒಳಗಿನಿಂದ ಮುರಿದುಹೋಗಬಹುದು.

ಮ್ಯಾನ್ಯುವಲ್ ಗೇರಿನ ಕಾರಾದರೆ ಕಾರನ್ನು ನಿಲ್ಲಿಸಿ, ಬ್ರೇಕನ್ನು ಪೂರ್ತಿ ತುಳಿದು ಹ್ಯಾಂಡ್‌ಬ್ರೇಕನ್ನೂ ಎಳೆದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಥಟ್ಟನೆ ಬಿಡಿ; ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಹಿಂಜರಿದು ಅರ್ಧ ಬಿಟ್ಟರೆ ಕ್ಲಚ್ ಸುಡುತ್ತದೆಯೇ ಹೊರತು ಎಂಜಿನ್ ನಿಲ್ಲದು. ಆಟೊಮ್ಯಾಟಿಕ್ ಕಾರಿನಲ್ಲಿ ಈ ದಾರಿಯಿಲ್ಲ. ಗಾಳಿಯ ಬಾಯಿಯನ್ನು ಗಟ್ಟಿ ಹಲಗೆಯಿಂದ ಮುಚ್ಚಿದರೆ ಯಾವ ಎಂಜಿನ್ನಾದರೂ ನಿಲ್ಲುತ್ತದೆ ಎಂಬುದು ನಿಜವಾದರೂ, ಆ ಸ್ಥಿತಿಯ ಬಾನೆಟ್ಟಿನ ಕೆಳಗೆ ತಲೆ ಹಾಕಿ ಎಂದು ನಾನು ಯಾರಿಗೂ ಹೇಳಲಾರೆ. ಅಂಗೈಯಿಂದಂತೂ ಎಂದೂ ಮುಚ್ಚಬಾರದು. ಎಲ್ಲರನ್ನೂ ಇಳಿಸಿ ದೂರ ನಿಲ್ಲಿ. ಸಿಗ್ನಲ್ಲಿನಿಂದ ಹೊರಟಾಗಿನ ಹೊಗೆ ವಾರದಿಂದ ವಾರಕ್ಕೆ ದಟ್ಟವಾಗುತ್ತಿದ್ದು, ಇಂಟರ್‌ಕೂಲರಿನ ಹೋಸು ಬಿಚ್ಚಿದಾಗ ಎಣ್ಣೆ ಲೋಟಗಟ್ಟಲೆ ಸುರಿಯುವ ಹಂತಕ್ಕೆ ಬಂದಿರುವ ಡೀಸೆಲ್ ಕಾರನ್ನು, ಮೇಲಿನ ಪರೀಕ್ಷೆಗಳು ಮುಗಿಯುವವರೆಗೆ ಹೆದ್ದಾರಿಗೆ ತೆಗೆದುಕೊಂಡು ಹೋಗಬೇಡಿ.